ಗಲ್ಫಿಗೆ ಬರುವ ಮಕ್ಕಳ ತೂಕದ ಬಗ್ಗೆ ಕೇಳಿದ್ದಿರಿ

ನಿಮ್ಮ ಪ್ರಶ್ನೆ ಇದು: "ಅಕ್ಕಾ, ಇವರಿಗೆ ಶಾರ್ಜಾದಲ್ಲಿ ಕೆಲಸ ಆಗಿದೆ, ಆಗಸ್ಟಿಗೆ ನಾವೂ ಹೊರಡ್ತೀವಿ. ಮಗನಿಗೆ 10, ಮಗಳಿಗೆ 7. ಅಲ್ಲಿನ ಅರಬ್ ಮಕ್ಕಳೆಲ್ಲ ದಪ್ಪ, ಒಂದೇ ವರ್ಷದಲ್ಲಿ ನಮ್ಮ ಮಕ್ಕಳೂ ಹಾಗೇ ಆಗಿಬಿಡ್ತಾರೆ ಅಂತಾರೆ. ಅಲ್ಲಿನ ಅನ್ನ-ಮಾಂಸದ ಊಟದಿಂದ ಹೀಗಾಗೋದಾ?"

ಎಲ್ಲರೂ ದಪ್ಪ ಅನ್ನುವುದು ಸುಳ್ಳು. ಆದರೆ ಶಾಲಾ ಮಕ್ಕಳ ಬೊಜ್ಜಿನಲ್ಲಿ ಕುವೈತ್ ಜಗತ್ತಿನಲ್ಲೇ ಮುಂಚೂಣಿಯ ದೇಶಗಳಲ್ಲೊಂದು. ಎಮಿರೇಟ್ಸ್ (ಶಾರ್ಜಾ ಇರುವ ದೇಶ, ಯುಎಇ), ಕತಾರ್, ಸೌದಿ ತೀರಾ ಹಿಂದೇನೂ ಇಲ್ಲ. ಅದೇ ಅರಬ್ಬರ ಯೆಮೆನ್, ಸುಡಾನಿನಲ್ಲಿ ಮಕ್ಕಳಿಗೆ ಹೊಟ್ಟೆ ತುಂಬುವುದೇ ಕಷ್ಟ. ಭಾಷೆ ಒಂದೇ. ಬೇರೆಯಾದದ್ದು ದಿನಚರಿ ಮತ್ತು ಮನೆಯ ಅನುಕೂಲ. ಆ ದಿನಚರಿಗೆ ನಿಮ್ಮ ಮಕ್ಕಳೂ ಸೇರುತ್ತಾರೆ, ಆದ್ದರಿಂದ ನಿಮ್ಮ ಚಿಂತೆ ನ್ಯಾಯವೇ.

ಊಟದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಅಪವಾದ ಬೀಳುತ್ತದೆ. ಮಚ್ಬೂಸ್ ಅಂದರೆ ಮಾಂಸ ಬೇಯಿಸಿದ ನೀರಲ್ಲೇ ಅನ್ನ, ಮೇಲೆ ತುಪ್ಪ. ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ತಿನ್ನುವುದರಿಂದ ಮಗು ಎಷ್ಟು ತಿಂತು ಅನ್ನುವ ಲೆಕ್ಕ ಯಾರಿಗೂ ಸಿಗುವುದಿಲ್ಲ, ಅಜ್ಜಿ ಕಡೆಯಿಂದ ತುಂಡು ಬರುತ್ತಲೇ ಇರುತ್ತದೆ. ಅದೂ ಒಂದು ಕಾರಣ ಹೌದು. ಆದರೆ ದೊಡ್ಡ ಪಾಲು ಊಟ-ಊಟದ ನಡುವೆ ಒಳಗೆ ಹೋಗುವುದರದ್ದು.

ಮೊದಲು ಪಾನೀಯ. 330 ಮಿ.ಲೀ. ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಏಳು ಚಮಚ. ಎಮಿರೇಟ್ಸ್ ಮತ್ತು ಸೌದಿ 2017ರಲ್ಲಿ ಇದಕ್ಕೆ ಶೇ. 50 ತೆರಿಗೆ ಹಾಕಿದವು. ಎಷ್ಟೋ ಶಾಲೆಗಳ ಕ್ಯಾಂಟೀನಿನಲ್ಲಿ ಕೋಲಾ ಇಲ್ಲ. ಆ ಜಾಗಕ್ಕೆ ಬಂದದ್ದು ಜ್ಯೂಸ್ ಪ್ಯಾಕೆಟ್ ಮತ್ತು ಸ್ಟ್ರಾಬೆರಿ ಹಾಲು. ತಾಯಂದಿರು ಮೋಸ ಹೋಗುವುದು ಇಲ್ಲೇ. ನೂರಕ್ಕೆ ನೂರು ಹಣ್ಣಿನ ರಸದಲ್ಲೂ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ, ಕೋಲಾದಷ್ಟೇ. ಬಣ್ಣದ ಹಾಲಿಗೆ ಒಂದು ಲೆಕ್ಕ ನೆನಪಿಡಿ: ಲೇಬಲ್ಲಿನಲ್ಲಿ 100 ಮಿ.ಲೀ.ಗೆ ಬರೆದಿರುವ ಸಕ್ಕರೆಯಲ್ಲಿ 5 ಗ್ರಾಂ ಹಾಲಿನದ್ದೇ, ಉಳಿದದ್ದು ಸುರಿದದ್ದು. ಅರಬಿಯಲ್ಲಿ 'ಬಿದೂನ್ ಸುಕ್ಕರ್ ಮುದಾಫ್' ಅಂದರೆ ಸಕ್ಕರೆ ಸೇರಿಸಿಲ್ಲ ಎಂದರ್ಥ, ಆದರೂ ಅಂಕಿ ನೋಡಿಯೇ ಕೊಳ್ಳಿ. ಎಲ್ಲ ಅಂಗಡಿಯಲ್ಲೂ ಸಿಗುವ ಸಾದಾ ಲಬನ್ ನಮ್ಮ ಮಜ್ಜಿಗೆಯ ತಮ್ಮನೇ. ಮಕ್ಕಳಿಗೆ ಅದನ್ನು ರೂಢಿ ಮಾಡಿಸಿ. ಕರಕ್ ಚಹಾ ಬೇಡ. ಹೆಸರು ನಮ್ಮ 'ಖಡಕ್' ಅನ್ನುವುದರದ್ದೇ ಆದರೂ ಡಬ್ಬಿ ಹಾಲು, ಸಕ್ಕರೆ ಸೇರಿ ಅದು ಪಾಯಸಕ್ಕೆ ಹತ್ತಿರ.

ಎರಡನೆಯದು ಬಕಾಲಾ, ಅಂದರೆ ಕಟ್ಟಡದ ಕೆಳಗಿನ ಕಿರಾಣಿ ಅಂಗಡಿ. ಬಹಳಷ್ಟು ಕಡೆ ನಡೆಸುವವರು ಮಲಯಾಳಿಗಳು, ಮಂಗಳೂರು-ಕಾಸರಗೋಡಿನ ಬ್ಯಾರಿಗಳು. ಫೋನ್ ಮಾಡಿದರೆ ಒಂದು ಚಿಪ್ಸ್ ಪ್ಯಾಕೆಟ್ಟನ್ನೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ತರುತ್ತಾರೆ, ಲೆಕ್ಕ ತಿಂಗಳ ಕೊನೆಗೆ. ಮಗು ಮೆಟ್ಟಿಲೂ ಇಳಿಯಬೇಕಾಗಿಲ್ಲ, ಕಾಸೂ ಕೇಳಬೇಕಾಗಿಲ್ಲ. ನಿಮ್ಮ ಖಾತೆಯಲ್ಲಿ ಮಕ್ಕಳು ಕೇಳಿದ್ದಕ್ಕೆ ಕೊಡಬೇಡಿ ಎಂದು ಮೊದಲ ದಿನವೇ ಹೇಳಿಬಿಡಿ.

ಮಕ್ಕಳ ಅಚ್ಚುಮೆಚ್ಚಿನದು ಪರೋಟ ಸುರುಳಿ. ಬಿಸಿ ಮೈದಾ ಪರೋಟದ ಮೇಲೆ ಡಬ್ಬಿಯ ಮೆತ್ತನೆ ಚೀಸ್ ಸವರಿ, 'ಚಿಪ್ಸ್ ಒಮಾನ್' ಎಂಬ ಆಲೂ ಚಿಪ್ಸ್ ಪ್ಯಾಕೆಟ್ಟನ್ನು ಕೈಯಲ್ಲೇ ಹಿಚುಕಿ ಪುಡಿ ಉದುರಿಸಿ, ಖಾರದ ಸಾಸ್ ಹನಿಸಿ ಸುತ್ತುತ್ತಾರೆ. ರುಚಿಗೆ ಎರಡು ಮಾತಿಲ್ಲ. ಪರೋಟಕ್ಕೇ 250ರ ಆಸುಪಾಸು ಕ್ಯಾಲೊರಿ, ಒಟ್ಟು 400 ದಾಟುತ್ತದೆ, ಮತ್ತು ಮಗು ಇದನ್ನು 'ಸ್ನ್ಯಾಕ್ಸ್' ಎಂದು ತಿಂದು ಮೇಲೆ ಊಟವನ್ನೂ ಮಾಡುತ್ತದೆ. ತಿಂಗಳಿಗೊಮ್ಮೆ ತಿನ್ನಲಿ, ಅದೇ ಊಟ ಎಂದು ಲೆಕ್ಕ ಹಿಡಿದು.

ಇಷ್ಟು ಹಸಿವೆ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಗಡಿಯಾರ ನೋಡಬೇಕು. ಶಾಲೆಯ ಬಸ್ಸು ಆರು-ಆರೂವರೆಗೇ ಬರುತ್ತದೆ. ಆ ಹೊತ್ತಿಗೆ ಗಂಟಲಲ್ಲಿ ಏನೂ ಇಳಿಯದು. ಹತ್ತು ಗಂಟೆಗೆ ಚೀಸ್ ಕ್ರೊಸಾಂ, ಮೂರು ಗಂಟೆಗೆ ಹಸಿದ ಹೊಟ್ಟೆಗೆ ಭಾರಿ ಊಟ, ಮೇಲೆ ನಿದ್ದೆ. ಸಂಜೆ ಎದ್ದರೆ ರಾತ್ರಿ ಕಣ್ಣು ಮುಚ್ಚದು. ಬಿಸಿಲಿನ ದೇಶದಲ್ಲಿ ತಿರುಗಾಟವೆಲ್ಲ ರಾತ್ರಿಯೇ, ಹತ್ತು ಗಂಟೆಗೂ ಮಾಲಿನಲ್ಲಿ ಪುಟ್ಟ ಮಕ್ಕಳು ಕಾಣುತ್ತಾರೆ. 6ರಿಂದ 12ರ ಮಗುವಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಕಡಿಮೆಯಾದಂತೆ ಹಸಿವೆ ಏರುತ್ತದೆ, ಅದರಲ್ಲೂ ಸಿಹಿ, ಕರಿದದ್ದರ ಮೇಲೆ. ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ಮುಗಿಸಿ, ಒಂಬತ್ತಕ್ಕೆ ಮಲಗಿಸಿ. ಬೆಳಿಗ್ಗೆ ನುಂಗಲಾಗದಿದ್ದರೆ ಬಾಳೆಹಣ್ಣು, ಹಾಲು ಸಾಕು. ಡಬ್ಬಿಗೆ ಇಡ್ಲಿಯೋ ಚಪಾತಿ-ಪಲ್ಯವೋ ಹಾಕಿ, ಕ್ಯಾಂಟೀನ್ ದುಡ್ಡು ಕೊಡಬೇಡಿ. ರಂಜಾನಿನಲ್ಲಿ ಇಡೀ ಕಟ್ಟಡ ಸಹರಿಯವರೆಗೆ, ಅಂದರೆ ಬೆಳಗಾಗುವ ಮುಂಚಿನ ಊಟದವರೆಗೆ, ಎಚ್ಚರವಾಗಿರುತ್ತದೆ, ಉಪವಾಸ ಮಾಡದ ಮಕ್ಕಳ ನಿದ್ದೆಯೂ ಆಗ ಹಾಳು. ಆ ತಿಂಗಳು ವಿಮ್ಟೋ ಶರಬತ್ತಿನ ಬಗ್ಗೆಯೂ ಕಣ್ಣಿಡಿ.

ಆಟದ ವಿಷಯ. ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೂಲಿ ಕೆಲಸವನ್ನೇ ನಿಲ್ಲಿಸುತ್ತಾರೆ ಅಂದರೆ ಮಕ್ಕಳ ಪಾಡು ಊಹಿಸಿ. ಮನೆಯಿಂದ ಕಾರು, ಕಾರಿನಿಂದ ಮಾಲು. ದಿನಕ್ಕೆ 60 ನಿಮಿಷ ಬೆವರುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಹಲವು ಅರಬ್ ದೇಶಗಳಲ್ಲಿ ನಡೆದ 'ಅರಬ್ ಟೀನ್ಸ್ ಲೈಫ್‌ಸ್ಟೈಲ್ ಸ್ಟಡಿ' ಹದಿಹರೆಯದವರನ್ನು ನೋಡಿದಾಗ ಹೆಚ್ಚಿನವರು ಅದರ ಹತ್ತಿರ ಬರಲಿಲ್ಲ, ಹುಡುಗಿಯರಂತೂ ಇನ್ನೂ ಹಿಂದೆ. ಸೌದಿಯ ಸರ್ಕಾರಿ ಹೆಣ್ಣುಮಕ್ಕಳ ಶಾಲೆಗಳಿಗೆ ವ್ಯಾಯಾಮದ ಪೀರಿಯಡ್ ಬಂದದ್ದೇ 2017ರಲ್ಲಿ. ಆದ್ದರಿಂದ ಮಗಳ ಆಟಕ್ಕೆ ಮೊದಲು ಜಾಗ ಹುಡುಕಿ. ಮನೆ ಬಾಡಿಗೆಗೆ ನೋಡುವಾಗ ಈಜುಕೊಳ, ನಡೆದು ಹೋಗುವಷ್ಟು ದೂರದಲ್ಲಿ ಪಾರ್ಕು ಇದೆಯೇ ಕೇಳಿ. ಮಹಡಿ ಎತ್ತರ ಮುಖ್ಯವಲ್ಲ.

ಇನ್ನುಳಿದ ಕಾರಣಗಳು ಮನೆಯೊಳಗಿನವು. ತಂದೆ-ತಾಯಿ ಇಬ್ಬರೂ ದಪ್ಪವಿದ್ದರೆ, ಗರ್ಭಿಣಿಯಾಗಿದ್ದಾಗ ತಾಯಿಗೆ ಸಕ್ಕರೆ ಕಾಯಿಲೆ ಬಂದಿದ್ದರೆ ಮಗುವಿಗೆ ಅಪಾಯ ಹೆಚ್ಚು. ಎಷ್ಟೋ ಅರಬ್ ಮನೆಗಳಲ್ಲಿ ತಿನ್ನಿಸುವವಳು ಕೆಲಸದಾಕೆ; ಮಗು ಅತ್ತರೆ ತನ್ನ ಮೇಲೆ ಬರುತ್ತದೆಂದು ಕೇಳಿದ್ದು ಕೊಡುತ್ತಾಳೆ. ಗುಂಡಗಿದ್ದರೇ ಆರೋಗ್ಯ ಅನ್ನುವ ಅಜ್ಜಿಯರು ಎರಡೂ ಕಡೆ ಇದ್ದಾರೆ ಬಿಡಿ.

ನಿಮ್ಮ ಮಗನನ್ನು ಹೀಗೆ ಅಳೆಯಿರಿ. ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ಬರೆದು, ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿ. ಬರುವ ಅಂಕಿಯೇ ಬಿಎಂಐ. 138 ಸೆಂ.ಮೀ., 42 ಕಿಲೋ ಇದ್ದರೆ ಬಿಎಂಐ 22. ದೊಡ್ಡವರಿಗೆ ಅದು ಸರಿಯಾದ ಅಂಕಿ, 10 ವರ್ಷದ ಹುಡುಗನಿಗೆ ಬೊಜ್ಜು: ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆ ವಯಸ್ಸಿಗೆ 18.5 ದಾಟಿದರೆ ಅತಿತೂಕ, 21.4 ದಾಟಿದರೆ ಬೊಜ್ಜು. ನಮ್ಮ ಕಡೆಯ ಮಕ್ಕಳಿಗೆ ತೆಳ್ಳಗೆ ಕಂಡರೂ ಹೊಟ್ಟೆಯಲ್ಲಿ ಕೊಬ್ಬು ಕೂರುವುದುಂಟು, ಆದ್ದರಿಂದ ಸೊಂಟಕ್ಕೂ ಟೇಪು ಹಿಡಿಯಿರಿ. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂಥ ಕಪ್ಪು ಕಂಡರೆ ಕೊಳೆ ಎಂದು ತಿಕ್ಕಬೇಡಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಮಕ್ಕಳ ವೈದ್ಯರಿಗೆ ತೋರಿಸಿ.

ಹಸಿವಿನಿಂದ ಕೆಡವುವ ಡಯಟ್ ಬೇಡ. ಮೇಲಿನ ಲೆಕ್ಕದ ಹುಡುಗನ ತೂಕ ಒಂದು ವರ್ಷ 42ರಲ್ಲೇ ನಿಂತು, ಎತ್ತರ 144 ಆದರೆ ಬಿಎಂಐ 20ರ ಹತ್ತಿರಕ್ಕೆ ಇಳಿಯುತ್ತದೆ, ಬೊಜ್ಜಿನ ಗೆರೆಯಿಂದ ಕೆಳಗೆ. ಮೂರು ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ, ಬೆಳಿಗ್ಗೆ, ಚಪ್ಪಲಿ ಬಿಚ್ಚಿಸಿ ತೂಗಿ. ಬಾಗಿಲ ಚೌಕಟ್ಟಿನ ಮೇಲೆ ಎತ್ತರದ ಗೆರೆ ಹಾಕಿ. ಬಾಡಿಗೆ ಮನೆ, ಗೆರೆ ಪೆನ್ಸಿಲ್ಲಿನದೇ ಇರಲಿ.