ಡಿಕ್ರಿ ಕೊಟ್ಟ ಕೋರ್ಟು, ಪೊಲೀಸರನ್ನು ಕೊಡದ ಸರ್ಕಾರ

ನಮಸ್ಕಾರ.

ಐರ್ಲೆಂಡಿನಲ್ಲಿ 1830ರ ದಶಕದಲ್ಲಿ ಚರ್ಚಿನ ತೆರಿಗೆ ವಸೂಲಿಗೆ ಪೊಲೀಸರನ್ನು ಕೊಡದ ಅಧಿಕಾರಿ ಥಾಮಸ್ ಡ್ರಮ್ಮಂಡ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ಸಿಕ್ಕಿತು. ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರಾಗಿ ಬಹಳ ವರ್ಷ ಕೆಲಸ ಮಾಡಿದವರು ನೀವು. "ಬಂದೋಬಸ್ತ್ ಕೊಡಲ್ಲ ಅಂತ ಸರ್ಕಾರ ಕೈ ಎತ್ತಿದರೆ ಡಿಕ್ರಿ ಬರೀ ಕಾಗದ. ಹಾಗೆ ಮಾಡಿದ ಅಧಿಕಾರಿಯನ್ನು ಹೊಗಳಿದ್ದೀರಲ್ಲ, ಸರಿಯಾ?" ಎಂದು ಕೇಳಿದ್ದೀರಿ. ಪತ್ರವನ್ನು ಎರಡು ಮೂರು ಸಲ ಓದಿದೆ. ಇದಕ್ಕೆ ಎರಡು ಸಾಲಿನ ಉತ್ತರ ಸಾಲದು.

ಮೊದಲು ಆಗ ಏನಾಗಿತ್ತು ಅಂತ ನೋಡೋಣ. ಐರ್ಲೆಂಡಿನ ರೈತರಲ್ಲಿ ಬಹುಪಾಲು ಜನ ಕ್ಯಾಥೊಲಿಕ್ಕರು. ಆದರೆ ಅವರು ಕಾಲಿಡದ ಪ್ರಾಟೆಸ್ಟೆಂಟ್ ಚರ್ಚಿಗೆ 'ಟೈದ್' ಎಂಬ ತೆರಿಗೆ ಕಟ್ಟಬೇಕಿತ್ತು. 1830ರ ಸುಮಾರಿಗೆ ಕಟ್ಟೋದಿಲ್ಲ ಎಂದು ಊರೂರೇ ನಿಂತುಬಿಟ್ಟವು. ದನ ಜಪ್ತಿ ಮಾಡಿ ಹರಾಜಿಗಿಟ್ಟರೆ ಕೂಗುವವರೇ ಇರಲಿಲ್ಲ. 1831ರ ಡಿಸೆಂಬರಿನಲ್ಲಿ ಕ್ಯಾರಿಕ್‌ಶಾಕ್ ಎಂಬಲ್ಲಿ ಸಮನ್ಸ್ ಜಾರಿ ಮಾಡಲು ಹೋದವನೂ ಅವನ ಕಾವಲಿಗಿದ್ದ ಪೊಲೀಸರಲ್ಲಿ ಹಲವರೂ ಜನರ ಕೈಯಲ್ಲಿ ಸತ್ತರು. ನೀವು ಮಾಡುತ್ತಿದ್ದ ಕೆಲಸವೇ ಅವನದೂ. ಇದನ್ನು ಬರೆಯುವಾಗ ನಿಮ್ಮನ್ನೇ ನೆನೆಸಿಕೊಂಡೆ. 1834ರ ಡಿಸೆಂಬರಿನಲ್ಲಿ ಕಾರ್ಕ್ ಜಿಲ್ಲೆಯ ರಾತ್‌ಕಾರ್ಮಕ್‌ನಲ್ಲಿ ಒಬ್ಬ ವಿಧವೆಯ ಹೊಲಕ್ಕೆ ಸೈನ್ಯ ಹೋಯಿತು. ಬಾಕಿ ಇದ್ದದ್ದು 40 ಶಿಲ್ಲಿಂಗ್. ಗುಂಡು ಹಾರಿ ಸುಮಾರು ಹನ್ನೆರಡು ಜನ ಸತ್ತರು.

ಮರುವರ್ಷವೇ ಡ್ರಮ್ಮಂಡ್, ಐರ್ಲೆಂಡನ್ನು ಆಳುತ್ತಿದ್ದ ಬ್ರಿಟಿಷ್ ಆಡಳಿತದ ಕೇಂದ್ರವಾದ ಡಬ್ಲಿನ್ ಕ್ಯಾಸಲ್‌ಗೆ ಅಂಡರ್ ಸೆಕ್ರೆಟರಿಯಾಗಿ, ಅಂದರೆ ಹಿರಿಯ ಅಧಿಕಾರಿಯಾಗಿ ಬಂದರು. ಶಾಂತಿ ಕೆಟ್ಟರೆ ಪೊಲೀಸರು ಬರುತ್ತಾರೆ, ಟೈದ್ ವಸೂಲಿ ಮಾತ್ರ ಅವರ ಕೆಲಸವಲ್ಲ ಎಂಬುದು ಅವರ ನಿಲುವು. ಆಗ ಚರ್ಚಿನ ಕಡೆಯವರು ಎಕ್ಸ್‌ಚೆಕರ್ ಎಂಬ ಕೋರ್ಟಿಗೆ ಹೋದರು. ಕೋರ್ಟು ಒಂದು ಹಳೇ ಅಸ್ತ್ರ ತೆಗೆಯಿತು. ಕರೆದಾಗ ಬಾರದ ಬಾಕಿದಾರನನ್ನು ದಂಗೆಕೋರ ಎಂದು ಸಾರಿ, ಹಿಡಿದು ತರಲು ಆಳುಗಳನ್ನು ನೇಮಿಸುವ ಹುಕುಂ ಅದು. ಕೆಲವೇ ಶಿಲ್ಲಿಂಗ್ ಬಾಕಿಗೆ ದಂಗೆಕೋರನ ಪಟ್ಟ! ಆ ಆಳುಗಳು ಪೊಲೀಸರ ನೆರವು ಕೇಳಿದರು. ಸರ್ಕಾರದ ನಿಲುವು ಗೊತ್ತಿದ್ದ ಪೊಲೀಸರು ಹಿಂಜರಿದರು. ನೆರವು ಕೊಡಲೇಬೇಕು ಎಂದ ಕೋರ್ಟು, ಕೊಡದವರ ಮೇಲೆ ನ್ಯಾಯಾಂಗ ನಿಂದನೆ ಕ್ರಮಕ್ಕೂ ಇಳಿಯಿತು. ಜಗಳ, ಆಗ ಕೊನೆಯ ಮೇಲ್ಮನವಿ ಕೋರ್ಟೂ ಆಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು.

ನಮ್ಮ ಲೇಖನದಲ್ಲಿ ಈ ಭಾಗ ಇರಲೇ ಇಲ್ಲ. ಡ್ರಮ್ಮಂಡರ ದಯೆ ಮಾತ್ರ ಇತ್ತು. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆ ಪೊಲೀಸರ ಸ್ಥಿತಿ ಯೋಚಿಸಿ. ಮೇಲಿನವರ ಮಾತು ಕೇಳಿದರೆ ಕೋರ್ಟು ಬಿಡದು, ಕೋರ್ಟಿನ ಮಾತು ಕೇಳಿದರೆ ಮೇಲಿನವರು ಬಿಡರು. ಯಾವ ಸರ್ಕಾರವೂ ತನ್ನ ನೌಕರರನ್ನು ಹಾಗೆ ಸಿಕ್ಕಿಸಬಾರದು.

ಆದರೂ ಡ್ರಮ್ಮಂಡರ ಮೇಲಿನ ನನ್ನ ಗೌರವ ಕಮ್ಮಿಯಾಗಿಲ್ಲ. ಅವರ ನಿಲುವು ಊರಿಗೆಲ್ಲ ಗೊತ್ತಿತ್ತು. ಎಲ್ಲ ಬಾಕಿದಾರರಿಗೂ ಒಂದೇ ನಿಯಮ. ಪಾರ್ಲಿಮೆಂಟಿನಲ್ಲಿ ವಿರೋಧಿಗಳು ಅದನ್ನು ಎತ್ತಿ ಬೈಯಬಹುದಿತ್ತು, ಬೈದರು ಕೂಡ. ಕೊನೆಗೆ 1838ರಲ್ಲಿ ಕಾನೂನೇ ಬದಲಾಯಿತು. ಟೈದ್ ಕಾಲು ಭಾಗ ಇಳಿದು, ಕಟ್ಟುವ ಹೊಣೆ ಜಮೀನ್ದಾರನ ಮೇಲೆ ಬಿತ್ತು. ಅವನು ಅದನ್ನು ಗೇಣಿಯಲ್ಲಿ ಸೇರಿಸಿ ವಸೂಲು ಮಾಡಬಹುದಿತ್ತು ಅನ್ನೋದು ಬೇರೆ ಮಾತು. ಆದರೆ ಟೈದ್‌ಗಾಗಿ ಬಡವನ ಮನೆ ಬಾಗಿಲಿಗೆ ಸೈನ್ಯ ಬರುವುದಂತೂ ನಿಂತಿತು.

ನಿಮ್ಮ ಆಕ್ಷೇಪ ನಿಜವಾಗಿ ನಾಟುವುದು ಐವತ್ತು ವರ್ಷದ ನಂತರದ ಕತೆಗೆ. 1886ರಲ್ಲಿ ಬೆಳೆ ಮತ್ತು ದನದ ಬೆಲೆ ಬಿದ್ದು ರೈತರು ಗೇಣಿ ಕಟ್ಟಲಾಗದೆ ನಿಂತಿದ್ದರು. ಮುಖ್ಯ ಕಾರ್ಯದರ್ಶಿ, ಅಂದರೆ ಐರ್ಲೆಂಡಿನ ಹೊಣೆ ಹೊತ್ತ ಬ್ರಿಟಿಷ್ ಮಂತ್ರಿ ಸರ್ ಮೈಕಲ್ ಹಿಕ್ಸ್ ಬೀಚ್, ಜನರಲ್ ರೆಡ್ವರ್ಸ್ ಬುಲ್ಲರ್ ಅವರನ್ನು ಕೆರ್ರಿ ಜಿಲ್ಲೆಗೆ ಕಳಿಸಿದರು. ಬುಲ್ಲರ್ ಹೋದದ್ದು ರಾತ್ರಿ ದಾಳಿ ಮಾಡುವ ಗುಂಪುಗಳನ್ನು ಅಡಗಿಸಲು. ಅಲ್ಲಿ ಹೋಗಿ ನೋಡಿದರೆ, ಕಾನೂನು ಉಳ್ಳವರನ್ನು ಮಾತ್ರ ಕಾಯುತ್ತಿದೆ ಅನ್ನಿಸಿತು. ವಿಚಾರಣಾ ಆಯೋಗದ ಮುಂದೆ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಒಬ್ಬ ಸೇನಾಧಿಕಾರಿ ಹಾಗೆ ಹೇಳುವುದಕ್ಕೆ ಎದೆಗಾರಿಕೆ ಬೇಕು.

ಆದರೆ ಅವರು ಹಿಡಿದ ದಾರಿ? ಜಮೀನ್ದಾರರಿಗೆ ಒಳಗಿಂದೊಳಗೆ ಒತ್ತಡ. ಗೇಣಿ ಇಳಿಸಿ, ಇಲ್ಲಾಂದ್ರೆ ಒಕ್ಕಲೆಬ್ಬಿಸುವ ದಿನ ಪೊಲೀಸರು ಬರುವುದು ತಡವಾಗಬಹುದು ಎಂಬಂಥ ಮಾತು. ಡಿಕ್ರಿ ಅದೇ, ಕಾನೂನೂ ಅದೇ. ಜಾರಿ ಆಗೋದು ಬಿಡೋದು ಮಾತ್ರ ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದು. ಮಣಿದ ಜಮೀನ್ದಾರನ ಒಕ್ಕಲು ಉಳಿದ, ಮಣಿಯದವನ ಒಕ್ಕಲು ಬೀದಿಗೆ ಬಿದ್ದ. 1887ರ ಜನವರಿಯಲ್ಲಿ ಅದೇ ಕೆರ್ರಿಯ ಗ್ಲೆನ್‌ಬೇ ಎಂಬಲ್ಲಿ ಒಕ್ಕಲೆಬ್ಬಿಸಿ ಮನೆಗಳಿಗೆ ಬೆಂಕಿಯನ್ನೇ ಇಟ್ಟರು. ಅಲ್ಲಿನ ಒಕ್ಕಲಿಗೆ ಬುಲ್ಲರ್ ಅವರ ಕನಿಕರ ಏನು ಕೊಟ್ಟಿತು, ಹೇಳಿ? ಹಕ್ಕಿನಿಂದ ಬರಬೇಕಾದ್ದು ದಾಕ್ಷಿಣ್ಯದಿಂದ ಬಂದರೆ ಹೀಗೇ ಆಗೋದು.

ಆ ಮಾರ್ಚಿನಲ್ಲಿ ಹಿಕ್ಸ್ ಬೀಚ್ ಕಣ್ಣಿನ ತೊಂದರೆಯಿಂದ ಹುದ್ದೆ ಬಿಟ್ಟರು. ಆರ್ಥರ್ ಬಾಲ್ಫರ್ ಬಂದರು. ಅವರ ಕಾಲದಲ್ಲಿ ಒಕ್ಕಲೆಬ್ಬಿಸಲು ಪೊಲೀಸರು ಧಾರಾಳವಾಗಿ ಸಿಕ್ಕರು. ಗೋಡೆ ಒಡೆಯಲು ದೊಡ್ಡ ಮರದ ದಿಮ್ಮಿಗಳೂ ಬಂದವು. ಇಲ್ಲಿ ನಾನು ನಿಮ್ಮಿಂದ ಸ್ವಲ್ಪ ಬೇರೆಯಾಗುತ್ತೇನೆ. ಪೊಲೀಸರನ್ನು ಕೊಡದಿದ್ದಾಗ ಮಾತ್ರ ಸರ್ಕಾರ ಪಕ್ಷ ವಹಿಸಿತು ಅಂತಲ್ಲ. ಎಷ್ಟು ಜನರನ್ನು, ಯಾವ ಊರಿಗೆ, ಎಷ್ಟು ಬೇಗ ಕಳಿಸಬೇಕು ಅನ್ನೋದರಲ್ಲೂ ಪಕ್ಷ ಇತ್ತು. ಜಮೀನ್ದಾರನ ಡಿಕ್ರಿಗೆ ಸಿಕ್ಕ ಬಂದೋಬಸ್ತ್, ಜಮೀನ್ದಾರನ ಮೇಲೆ ಡಿಕ್ರಿ ಪಡೆದ ಒಕ್ಕಲಿಗೆ ಅಷ್ಟೇ ಬೇಗ ಸಿಗುತ್ತಿತ್ತಾ? ನನಗೆ ನಂಬಿಕೆ ಇಲ್ಲ.

ಅದೇ 1887ರಲ್ಲಿ ಬಾಲ್ಫರ್ ಇದ್ದ ಸರ್ಕಾರವೇ ಹೊಸ ಭೂಕಾಯ್ದೆ ತಂದು, ಹಿಂದೆ ಗೊತ್ತುಮಾಡಿದ್ದ ಗೇಣಿಯನ್ನು ಬೆಲೆ ಕುಸಿತಕ್ಕೆ ತಕ್ಕಂತೆ ಇಳಿಸಲು ದಾರಿ ಮಾಡಿತು. ಬುಲ್ಲರ್ ಕಿವಿಮಾತಿನಲ್ಲಿ ಕೇಳಿದ್ದನ್ನು ಕಾಯ್ದೆ ಬರವಣಿಗೆಯಲ್ಲಿ ಕೊಟ್ಟಿತು. ಒಂದು ವರ್ಷ ಮೊದಲೇ ಬಂದಿದ್ದರೆ ಗ್ಲೆನ್‌ಬೇಯ ಆ ಮನೆಗಳು ಉಳಿಯುತ್ತಿದ್ದವೋ ಏನೋ. ಇದನ್ನು ಯೋಚಿಸಿದಾಗೆಲ್ಲ ಸಂಕಟ ಆಗುತ್ತದೆ.

ಇನ್ನೊಂದು ಕೋರಿಕೆ. ಅಮಲ್ಜಾರಿ ವಾರಂಟು ಹಿಡಿದು ಒಬ್ಬರ ಮನೆ ಮುಂದೆ ನಿಂತ ದಿನಗಳ ಬಗ್ಗೆ ಪತ್ರದ ಕೊನೆಯಲ್ಲಿ ಒಂದೇ ಸಾಲು ಬರೆದು ನಿಲ್ಲಿಸಿದ್ದೀರಿ. ಯಾರ ಹೆಸರೂ ಹಾಕದೆ ಅದನ್ನು ವಿವರವಾಗಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ