ತಿಗಣೆ ಕಚ್ಚಿದೆ ಅಂತ ಬಂದ ಮೇಲ್

ನಾನು ಮನಸ್ಸಿನ ತೊಂದರೆ ಇರುವವರಿಗೆ ಸಲಹೆ ಕೊಡುವವಳು. ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಈ ಪ್ರಕರಣದ ಮಹಿಳೆಯನ್ನು ಲಲಿತಾ ಎಂದು ಕರೆಯುತ್ತೇನೆ. ಐವತ್ತು ದಾಟಿದವರು, ಸಕಲೇಶಪುರದ ಕಡೆಯವರು. ಯಜಮಾನರು ಕಾಫಿ, ಮೆಣಸು ನೋಡಿಕೊಳ್ಳುತ್ತಾರೆ. ತೋಟದ ಮನೆಗೆ ಅಂಟಿಕೊಂಡಿರುವ ಹೋಮ್‌ಸ್ಟೇ ಪೂರ್ತಿ ಲಲಿತಾ ಅವರದೇ. ಬುಕಿಂಗ್, ಮೇಲ್, ಅಡುಗೆ, ಲೆಕ್ಕ ಎಲ್ಲ ಅವರೇ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಾಸನದ ವೈದ್ಯರೊಬ್ಬರು ಇವರನ್ನು ನನ್ನ ಬಳಿ ಕಳಿಸಿದ್ದರು. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಪರೀಕ್ಷೆಗಳಲ್ಲಿ ಏನೂ ತೊಂದರೆ ಕಂಡಿಲ್ಲ ಎಂದು ಚೀಟಿಯಲ್ಲಿತ್ತು.

ಮೊದಲ ಭೇಟಿಯಲ್ಲಿ ಮಳೆ, ಆನೆ ಕಾಟ, ಕೆಲಸಕ್ಕೆ ಆಳು ಸಿಗದಿರುವುದು ಎಲ್ಲ ಮಾತಾಡಿದರು. ನಡುವೆ ಅವರ ಫೋನ್ ಟಿಂಗ್ ಅಂದಿತು. ತೆಗೆದು ನೋಡಲಿಲ್ಲ. ಬ್ಯಾಗನ್ನು ಕಾಲಿನಿಂದ ಆಚೆ ತಳ್ಳಿದರು. "ಮೇಲ್ ಬಂದ್ರೆ ಕೈ ನಡುಗುತ್ತೆ ಮೇಡಂ. ತೆಗೆಯೋದೇ ಬಿಟ್ಟಿದೀನಿ" ಅಂದರು. ಅಲ್ಲಿಂದ ವಿಷಯ ಹೊರಬಂತು.

ರಜೆ ಸೇರಿ ಬಂದ ಒಂದು ವಾರಾಂತ್ಯ. ರೂಮುಗಳೆಲ್ಲ ಭರ್ತಿ. ಶುಕ್ರವಾರ ಸಂಜೆ ಅಡುಗೆಗೆ ಸಹಾಯ ಮಾಡುವವಳು ಬಂದಿರಲಿಲ್ಲ. ಆ ಹೊತ್ತಿಗೆ ಬುಕಿಂಗ್ ಸೈಟ್ ಹೆಸರಿನಲ್ಲಿ ಒಂದು ಮೇಲ್ ಬಂತು. ಹಿಂದಿನ ವಾರ ತಂಗಿದ್ದ ಅತಿಥಿಯ ಮಗುವಿಗೆ ತಿಗಣೆ ಕಚ್ಚಿದೆ, ಫೋಟೊಗಳು ಲಿಂಕ್‌ನಲ್ಲಿವೆ, 24 ಗಂಟೆಯೊಳಗೆ ಉತ್ತರ ಕೊಡದಿದ್ದರೆ ನಿಮ್ಮ ಹೋಮ್‌ಸ್ಟೇ ಸೈಟ್‌ನಿಂದ ಹೊರಗೆ ಎಂದಿತ್ತು. ಹಿಂದಿನ ವಾರ ನಿಜಕ್ಕೂ ಮಗು ಇದ್ದ ಕುಟುಂಬವೊಂದು ಬಂದಿತ್ತು. ಈ ಮೋಸದ ಮೇಲ್ ಕಳಿಸಿದ ಕಳ್ಳನಿಗೆ ಅದು ಗೊತ್ತಿರಲೇಬೇಕು ಅಂತೇನಿಲ್ಲ. ಯಾವ ಹೋಮ್‌ಸ್ಟೇಗೆ ತಾನೇ ವಾರಕ್ಕೊಂದು ಮಗು ಬರಲ್ಲ?

ಲಿಂಕ್ ಒತ್ತಿದರು. ದಿನಾ ನೋಡುವಂಥದೇ ಲಾಗಿನ್ ಪುಟ. ಪಾಸ್‌ವರ್ಡ್ ಹಾಕಿದರು. ಒಟಿಪಿ ಕೇಳಿತು, ಬಂದದ್ದನ್ನು ಹಾಕಿದರು. "ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ" ಎಂದು ಪುಟ ಹೇಳಿತು. ಒಲೆ ಮೇಲೆ ಸಾರಿತ್ತು, ಎದ್ದು ಹೋದರು. ಆ ಸೈಟ್‌ಗೂ ಅವರ ಜಿಮೇಲ್‌ಗೂ ಒಂದೇ ಪಾಸ್‌ವರ್ಡ್.

ಮುಂದಿನ ವಾರ ಬರಬೇಕಿದ್ದ ಅತಿಥಿಯೊಬ್ಬರು ಫೋನ್ ಮಾಡಿ, ನೀವು ಹೇಳಿದಂತೆ ಪೂರ್ತಿ ಹಣ ಕಟ್ಟಿದ್ದೇವೆ ಎಂದರು. ಇವರು ಯಾರಿಗೂ ಹಾಗೆ ಹೇಳಿರಲಿಲ್ಲ. ಆಮೇಲೆ ಇನ್ನೊಬ್ಬರು. ಬುಕಿಂಗ್ ಖಾತೆಯೊಳಗೆ ಕೂತ ಕಳ್ಳ, ಇವರ ಹೆಸರಿನಲ್ಲೇ ಅತಿಥಿಗಳಿಗೆ ಯುಪಿಐ ಲಿಂಕ್ ಕಳಿಸಿದ್ದ. ಸಂದೇಶ ಬಂದದ್ದು ನಿಜವಾದ ಸೈಟ್‌ನ ಒಳಗಿನಿಂದಲೇ. ಹಾಗಾಗಿ ಅತಿಥಿಗಳಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ.

ಲಲಿತಾ ಯಾರಿಗೂ ಹೇಳಲಿಲ್ಲ. ಅತಿಥಿಗಳಿಗೆ "ನೋಡ್ತೀನಿ, ಏನೋ ಮಿಸ್ಟೇಕ್ ಆಗಿದೆ" ಅಂದರು. ಯಜಮಾನರಿಗೆ ಗೊತ್ತಾದದ್ದು ವಾರದ ಮೇಲೆ, ಕೋಪಗೊಂಡ ಅತಿಥಿಯ ಫೋನ್ ಅವರೇ ಎತ್ತಿದಾಗ. ಅವರು ಬೈಯಲಿಲ್ಲ, ಮಾತು ಬಿಟ್ಟರು. ಮಗ ಫೋನಲ್ಲಿ ಕೂಗಾಡಿದ: "ಅಷ್ಟೂ ಗೊತ್ತಾಗಲ್ವಾ ಅಮ್ಮ? ಎಷ್ಟು ಸಲ ಹೇಳಿದೀನಿ ಲಿಂಕ್ ಒತ್ತಬೇಡ ಅಂತ."

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಆ ಮುಚ್ಚಿಟ್ಟ ವಾರ. ಲಿಂಕ್ ಒತ್ತಿದ್ದು ಒಂದು ನಿಮಿಷದ ಕೆಲಸ. ಅದರ ಮೇಲೆ ಕಳ್ಳನಿಗೆ ಇಡೀ ವಾರ ಸಿಕ್ಕಿದ್ದು ನಾಚಿಕೆಯಿಂದ. ಇಂಥವರು ಈಚೆಗೆ ನನ್ನ ಬಳಿ ಜಾಸ್ತಿ ಬರುತ್ತಿದ್ದಾರೆ. ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗರು, ಬ್ಯಾಂಕಿನಲ್ಲೇ ದುಡಿದವರು ಕೂಡ. ಓದಿದವರು ಜಾಸ್ತಿ ದಿನ ಮುಚ್ಚಿಡುತ್ತಾರೆ, ಇದು ನಾನು ಕಂಡದ್ದು. "ನನಗೇ ಹೀಗಾಯ್ತಲ್ಲ" ಎಂಬುದನ್ನು ಒಪ್ಪಿಕೊಳ್ಳುವುದೇ ಅವರಿಗೆ ಕಷ್ಟ.

ಲಲಿತಾ ಅವರಿಗೆ ಮೊದಲು ಒಂದು ಪ್ರಶ್ನೆ ಕೇಳಿದೆ. ಪಾಸ್‌ವರ್ಡ್ ಬದಲಿಸಿದ್ದೀರಾ? ಬುಕಿಂಗ್ ಸೈಟ್‌ನದು ಮಗ ಬದಲಿಸಿದ್ದಾನೆ ಅಂದರು. ಜಿಮೇಲ್‌ದು? ಇಲ್ಲ. ಹಾಗಾದರೆ ಮನಸ್ಸಿನ ಮಾತು ಆಮೇಲೆ ಆಡೋಣ ಅಂದೆ. ಮನೆಯೊಳಗೆ ಕಳ್ಳ ಇರುವಾಗ ಯಾರಿಗೂ ನಿದ್ದೆ ಬರಲ್ಲ, ಬರಲೂಬಾರದು. ನಾನು ಕಂಪ್ಯೂಟರ್ ತಜ್ಞೆಯಲ್ಲ. ಆದರೆ ಈ ಕೆಲಸದಲ್ಲಿ ಇಷ್ಟು ಕಲಿಯಲೇಬೇಕಾಗಿ ಬಂದಿದೆ.

ಮೇಲ್ ಖಾತೆಗೇ ಮೊದಲ ಗಮನ ಕೊಡಬೇಕು. ಬೇರೆ ಹೆಚ್ಚಿನ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದು ಮಾಡುವ ಲಿಂಕ್ ಬರುವುದು ಮೇಲ್‌ಗೆ. ಮೇಲ್ ಕೈಲಿದ್ದವನಿಗೆ ಉಳಿದದ್ದೆಲ್ಲ ಕೈಲಿದ್ದಂತೆ. ಅಲ್ಲೇ ಕೂತು ಪಾಸ್‌ವರ್ಡ್ ಬದಲಿಸಿದೆವು. ಗೂಗಲ್ ಖಾತೆಯ ಭದ್ರತೆ ಪುಟದಲ್ಲಿ ಯಾವ ಯಾವ ಫೋನ್, ಕಂಪ್ಯೂಟರ್‌ಗಳಿಂದ ಲಾಗಿನ್ ಆಗಿದೆ ಎಂಬ ಪಟ್ಟಿ ಇರುತ್ತದೆ. ಲಲಿತಾ ಅವರ ಫೋನ್, ಹಳೇ ಲ್ಯಾಪ್‌ಟಾಪ್ ಬಿಟ್ಟು ಗುರುತಿಲ್ಲದ ಒಂದು ಕಂಪ್ಯೂಟರ್ ಅಲ್ಲಿತ್ತು. ಅದನ್ನು ಹೊರಹಾಕಿದೆವು. ಖಾತೆ ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ನಂಬರ್, ಬದಲಿ ಮೇಲ್ ವಿಳಾಸ ನಮ್ಮದೇನಾ ಎಂದು ನೋಡಿದೆವು. ಖಾತೆಗೆ ಪ್ರವೇಶ ಪಡೆದಿರುವ ಬೇರೆ ಆ್ಯಪ್‌ಗಳನ್ನೂ ನೋಡಿದೆವು.

ಜನ ಮರೆಯುವುದು ಇದರ ಮುಂದಿನದನ್ನು. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ (ಬರುವ ಮೇಲ್ ತಾನಾಗಿ ವಿಂಗಡಿಸುವುದು), ಫಾರ್ವರ್ಡಿಂಗ್ (ಬೇರೆ ವಿಳಾಸಕ್ಕೆ ತಾನಾಗಿ ಕಳಿಸುವುದು) ಎಂಬ ಎರಡು ಜಾಗಗಳಿವೆ. ಫೋನಿನ ಆ್ಯಪ್‌ನಲ್ಲಿ ಸಿಗಲ್ಲ, ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆಯಬೇಕು. ಲಲಿತಾ ಅವರ ಖಾತೆಯಲ್ಲಿ, ಬುಕಿಂಗ್ ಸೈಟ್‌ನಿಂದ ಬರುವ ಮೇಲ್ ಎಲ್ಲ ನೇರ ಕಸದ ಬುಟ್ಟಿಗೆ ಹೋಗುವಂತೆ ಒಂದು ಫಿಲ್ಟರ್ ಕೂತಿತ್ತು. "ಹೊಸ ಜಾಗದಿಂದ ಲಾಗಿನ್ ಆಗಿದೆ, ನೀವೇನಾ?" ಎಂದು ಸೈಟ್ ಕಳಿಸಿದ ಎಚ್ಚರಿಕೆಯೂ ಆ ಬುಟ್ಟಿಯಲ್ಲೇ ಸಿಕ್ಕಿತು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಇಂಥ ಫಿಲ್ಟರ್ ಹೋಗುವುದಿಲ್ಲ. ಅದನ್ನು ಕೈಯಾರೆ ಅಳಿಸಬೇಕು.

ಆ ಎಚ್ಚರಿಕೆಯ ಮೇಲ್ ನೋಡಿ ಅವರು ಅತ್ತರು. "ಸೈಟ್‌ನವರೂ ಹೇಳಿಲ್ಲ ಅಂದ್ಕೊಂಡಿದ್ದೆ, ಹೇಳಿದಾರೆ, ನಾನೇ ನೋಡಿಲ್ಲ." ನೋಡದಂತೆ ಮಾಡಿದ್ದು ಅವನು, ಇಲ್ಲಿ ಸಾಕ್ಷಿಯೇ ಇದೆಯಲ್ಲ ಎಂದು ಫಿಲ್ಟರ್ ತೋರಿಸಿದೆ. ನಾನು ಹೇಳುವ ಸಮಾಧಾನಕ್ಕಿಂತ ಅದು ಹೆಚ್ಚು ನಾಟಿತು ಎನಿಸಿತು.

ಇನ್ನು ದುಡ್ಡಿನ ವಿಚಾರ. ಅತಿಥಿಗಳು ಕಳಿಸಿದ ಹಣಕ್ಕೆ ದೂರು ಕೊಡಬೇಕಾದವರು ಅತಿಥಿಗಳೇ, ಏಕೆಂದರೆ ವಹಿವಾಟು ಅವರ ಖಾತೆಯದು. ಆದರೆ ಅವರಿಗೆ ಇದು ಮೋಸ ಎಂದು ನೇರವಾಗಿ ತಿಳಿಸಬೇಕಾದವರು ಲಲಿತಾ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಬೇಕು. ವಹಿವಾಟಿನ ನಂಬರ್, ದಿನ, ಸಮಯ, ಮೊತ್ತ ಕೈಲಿರಬೇಕು. ಅಲ್ಲಿಂದ ಮಾಹಿತಿ ಬ್ಯಾಂಕ್‌ಗಳಿಗೆ ಹೋಗಿ, ಕಳ್ಳನ ಖಾತೆಯಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ. ಅಷ್ಟರಲ್ಲಿ ಅದು ಬೇರೆ ಖಾತೆಗಳಿಗೆ ಚದುರಿದ್ದರೆ ಬೆನ್ನಟ್ಟುವುದು ಕಷ್ಟ. ಕೂಡಲೇ ಎಂದು ಎಲ್ಲರೂ ಹೇಳುವುದು ಇದಕ್ಕೇ. ಖಾತೆ ಕದ್ದ ಬಗ್ಗೆ ಲಲಿತಾ ಅವರೂ ಪ್ರತ್ಯೇಕ ದೂರು ಕೊಡಬೇಕು ಎಂದೆ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಹಾಸನದ ಸೆನ್ ಪೊಲೀಸ್ ಠಾಣೆಗೆ ಹೋದರು. ಬೇರೊಬ್ಬರ ಪಾಸ್‌ವರ್ಡ್ ಕದ್ದು ಬಳಸುವುದು, ಸೋಗು ಹಾಕಿ ವಂಚಿಸುವುದು ಐಟಿ ಕಾಯ್ದೆಯ 66ಸಿ, 66ಡಿ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಇದೆ. ಅಪರಾಧಿ ಸ್ಥಾನದಲ್ಲಿ ತನ್ನನ್ನೇ ಕೂರಿಸಿಕೊಂಡಿದ್ದವರಿಗೆ ಕಾನೂನು ಯಾರನ್ನು ಅಪರಾಧಿ ಅನ್ನುತ್ತದೆ ಎಂದು ಕೇಳಿಸಿಕೊಳ್ಳುವುದೂ ಚಿಕಿತ್ಸೆಯೇ.

ಅವರ ಸ್ವಂತ ಬ್ಯಾಂಕ್ ಖಾತೆಯಿಂದ ಏನೂ ಹೋಗಿರಲಿಲ್ಲ. ಹೋಗಿದ್ದರೆ? 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ಒಂದು ಮಾತಿದೆ. ಗ್ರಾಹಕರೇ ಒಟಿಪಿ, ಪಾಸ್‌ವರ್ಡ್ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಮುಚ್ಚಿಟ್ಟ ಒಂದೊಂದು ಗಂಟೆ ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ಎರಡನೇ ಭೇಟಿಗೆ ಮಗನನ್ನೂ ಕರೆಸಿದೆ. ಒಳ್ಳೆಯ ಹುಡುಗ, ಅಮ್ಮನ ಬಗ್ಗೆ ಗಾಬರಿ ಇತ್ತು, ಅದು ಕೂಗಾಟವಾಗಿ ಬಂದಿತ್ತು ಅಷ್ಟೇ. "ಲಿಂಕ್ ಒತ್ತಬೇಡ" ಎಂಬುದು ಪಾಲಿಸಲಾಗದ ಸಲಹೆ ಎಂದು ಅವನಿಗೆ ಹೇಳಿದೆ. ಬುಕಿಂಗ್, ಜಿಎಸ್‌ಟಿ, ಕರೆಂಟ್ ಬಿಲ್ ಎಲ್ಲ ಲಿಂಕ್‌ನಲ್ಲೇ ಬರುವಾಗ ಒತ್ತದೆ ಇರುವುದು ಹೇಗೆ? ಬದಲಿಗೆ ಯಾವುದನ್ನು ನೋಡಬೇಕು ಅಂತ ತೋರಿಸು ಎಂದೆ. ಅವನು ತೋರಿಸಿದ, ನಾನೂ ಕಲಿತೆ.

ಕಳಿಸಿದವರ ಹೆಸರು ಏನು ಬೇಕಾದರೂ ಇರಬಹುದು. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಬೇಕು. ವೆಬ್ ವಿಳಾಸದ ಶುರುವಿನ ಎಚ್‌ಟಿಟಿಪಿಎಸ್ ಪಕ್ಕದ ಎರಡು ಓರೆಗೆರೆ (/) ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಗೆ ಸ್ವಲ್ಪ ಮುಂಚೆ ಇರುವ ಕೊನೆಯ ತುಂಡು, ಅಂದರೆ ಡಾಟ್ ಕಾಮ್‌ನಂಥದು ಮತ್ತು ಅದರ ಹಿಂದಿನ ಹೆಸರು, ಮುಖ್ಯ. ಅದಕ್ಕಿಂತ ಹಿಂದೆ ಏನಿದ್ದರೂ ಅಲಂಕಾರ. ಲಲಿತಾ ಅವರಿಗೆ ಇದು ತಲೆಗೆ ಹತ್ತಲಿಲ್ಲ. ಆಗ ಹಾಸನದ ಬಿ.ಎಂ. ರಸ್ತೆ ನೆನಪಿಸಿದೆ. ಹೆಸರಿನಲ್ಲಿ ಬೆಂಗಳೂರೂ ಇದೆ, ಮಂಗಳೂರೂ ಇದೆ. ಆದರೆ ವಿಳಾಸದ ಕೊನೆಯಲ್ಲಿ ಹಾಸನ ಅಂತ ಇದ್ದರೆ ಅಂಗಡಿ ಇರುವುದು ಹಾಸನದಲ್ಲಿ. ನಕ್ಕರು. ಬ್ಯಾಂಕ್‌ಗಳ ವಿಷಯದಲ್ಲಿ ಈಗ ಸ್ವಲ್ಪ ಸುಲಭ. ರಿಸರ್ವ್ ಬ್ಯಾಂಕ್ ಸೂಚನೆಯಂತೆ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್‌ಗಳು ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಬರಬೇಕಿತ್ತು.

ಕಾಗುಣಿತ ತಪ್ಪಿದ್ದರೆ ಮೋಸದ ಮೇಲ್ ಎಂಬ ಹಳೇ ಸೂತ್ರ ಈಗ ನಂಬಬೇಡಿ. ಎಐ ಬಂದ ಮೇಲೆ ಕಳ್ಳರ ಇಂಗ್ಲಿಷ್ ಚೆನ್ನಾಗಿದೆ, ಕನ್ನಡವೂ ಪರವಾಗಿಲ್ಲ. ಉಳಿದಿರುವ ಗುರುತು ಗಡುವು ಮತ್ತು ಹೆದರಿಕೆ. "24 ಗಂಟೆಯೊಳಗೆ" ಎಂದು ಓದಿದ ಕೂಡಲೇ ಮೇಲ್ ಮುಚ್ಚಿ, ಸೈಟ್‌ನ ಆ್ಯಪ್ ತಾನೇ ತೆರೆದು ನೋಡುವುದು ಎಂದು ಅಮ್ಮ ಮಗ ಇಬ್ಬರೂ ಒಪ್ಪಿಕೊಂಡರು. ದೂರು ನಿಜವಾಗಿದ್ದರೆ ಅಲ್ಲೂ ಕಾಣಬೇಕಲ್ವಾ?

ಎರಡು ಹಂತದ ಭದ್ರತೆಯ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವುದು) ಬಗ್ಗೆ ಮಲೆನಾಡಿನವರಿಗೆ ಒಂದು ಮಾತು. ಇವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ. ಮಳೆಗಾಲದಲ್ಲಿ ಅದೂ ಇಲ್ಲ. ಎಸ್‌ಎಂಎಸ್ ಒಟಿಪಿ ಬರುವುದಿಲ್ಲ ಅಂತಲೇ ಜಿಮೇಲ್‌ಗೆ ಅದನ್ನು ಹಾಕಿರಲಿಲ್ಲವಂತೆ. ಆಥೆಂಟಿಕೇಟರ್ ಆ್ಯಪ್‌ಗೆ ನೆಟ್‌ವರ್ಕ್ ಬೇಡ, 30 ಸೆಕೆಂಡಿಗೊಮ್ಮೆ ಫೋನಿನಲ್ಲೇ ಹೊಸ ಅಂಕಿ ಬರುತ್ತದೆ. ಆದರೂ ಆ ಅಂಕಿಯನ್ನು ನಕಲಿ ಪುಟದಲ್ಲಿ ಹಾಕಿದರೆ ಕಳ್ಳ ತಕ್ಷಣ ಬಳಸಬಹುದು. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದಲೇ ಲಾಗಿನ್ ಆಗುವ ಪಾಸ್‌ಕೀ ಇನ್ನೂ ಗಟ್ಟಿ, ನಿಜವಾದ ಸೈಟ್ ಅಲ್ಲದಿದ್ದರೆ ಅದು ಕೆಲಸವೇ ಮಾಡುವುದಿಲ್ಲ. ಮಗ ಜಿಮೇಲ್‌ಗೆ ಪಾಸ್‌ಕೀ ಹಾಕಿಕೊಟ್ಟ. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ಮಾಡಿ ಪಹಣಿ ಇಡುವ ಫೈಲಿಗೆ ಸೇರಿಸಿದ್ದಾರೆ. ಪಾಸ್‌ವರ್ಡ್‌ಗಳು ಒಂದೊಂದು ಖಾತೆಗೆ ಒಂದೊಂದು, ಅವನ್ನು ನೆನಪಿಟ್ಟುಕೊಂಡು ಸರಿಯಾದ ಸೈಟ್‌ನಲ್ಲಿ ತುಂಬುವ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ. ಅದಾಗಿಯೇ ತುಂಬಿಕೊಳ್ಳದಿದ್ದರೆ ವಿಳಾಸ ಇನ್ನೊಮ್ಮೆ ನೋಡಬೇಕು ಎಂಬ ಲಾಭವೂ ಇದೆ.

ಮೇಲ್ ಭಯಕ್ಕೆ ಕೊಟ್ಟ ಸಲಹೆ ಸರಳ. ರಾತ್ರಿ ಒಬ್ಬರೇ ತೆರೆಯುವುದು ಬೇಡ. ಬೆಳಿಗ್ಗೆ ತಿಂಡಿ ಆದ ಮೇಲೆ ಕಾಲು ಗಂಟೆ, ಪಕ್ಕದಲ್ಲಿ ಯಜಮಾನರು. ಅವರು ಏನೂ ಹೇಳಬೇಕಿಲ್ಲ, ಸುಮ್ನೆ ಕೂತರೆ ಸಾಕು ಎಂದಿದ್ದೆ. ಮಾತು ಬಿಟ್ಟವರಿಗೆ ಇದು ಒಪ್ಪುವಂಥ ಕೆಲಸ. ಕೂತು ಕೂತು ಅವರೇ "ಈ ವಿಳಾಸದ ಕೊನೆ ನೋಡು" ಎನ್ನತೊಡಗಿದರಂತೆ. ನಿದ್ದೆ ಈಗ ಪರವಾಗಿಲ್ಲ. ಭೇಟಿಗಳ ನಡುವೆ ರಾತ್ರಿ ಹೊತ್ತು ತೀರಾ ಕಷ್ಟವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಟ್ಟಿದ್ದೆ. ಕನ್ನಡದಲ್ಲೇ ಮಾತಾಡುತ್ತಾರೆ.

ಒಬ್ಬ ಅತಿಥಿಯ ಹಣದಲ್ಲಿ ಸ್ವಲ್ಪ ಭಾಗ ತಡೆಹಿಡಿದಿದ್ದಾರೆ. ಇನ್ನೊಬ್ಬರದು ಸಿಗುವ ಲಕ್ಷಣವಿಲ್ಲ. ಅವರಿಗೆ ಮುಂದಿನ ಸಲ ಉಚಿತವಾಗಿ ಉಳಿಯಲು ಕರೆದಿದ್ದಾರೆ. ಇದು ನನ್ನ ಸಲಹೆಯಲ್ಲ, ಯಜಮಾನರ ತೀರ್ಮಾನ.

ಕೊನೆಯ ಭೇಟಿಯ ಹೊತ್ತಿಗೆ ಅವರಿಗೊಂದು ಫೋನ್ ಬಂದಿತ್ತು. ಸೈಬರ್ ಸೆಲ್‌ನವರು, ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಲು ಶುಲ್ಕ ಕಟ್ಟಿ ಎಂದರಂತೆ. ಒಮ್ಮೆ ಮೋಸ ಹೋದವರನ್ನು ಹುಡುಕಿ ಎರಡನೇ ಸಲ ದೋಚುವ ಈ ದಂಧೆಯ ಬಗ್ಗೆ ಮುಂಚೆಯೇ ಹೇಳಿದ್ದೆ. ಪೊಲೀಸರು ಹಣ ಬಿಡಿಸಲು ಶುಲ್ಕ ಕೇಳುವುದಿಲ್ಲ. ಲಲಿತಾ ಫೋನ್ ಇಟ್ಟು, ತೋಟಕ್ಕೆ ಹೋಗಿ ಯಜಮಾನರಿಗೆ ಹೇಳಿದರಂತೆ. ಸಂಜೆ ಇಬ್ಬರೂ ಕೂತು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಸಂಶಯದ ಕರೆಗಳನ್ನು ತಿಳಿಸಲು ಇರುವ ಚಕ್ಷು ವಿಭಾಗದಲ್ಲಿ ಆ ನಂಬರನ್ನು ದಾಖಲಿಸಿದ್ದಾರೆ.