‘ಫ್ಯಾಮಿಲಿ’ ಅಂತ ಬೋರ್ಡ್ ಇದ್ದರೆ ಸಾಲದು

ಐದು ವರ್ಷದ ಮಗಳು, ಎರಡು ವರ್ಷದ ಮಗನ ಜೊತೆ ಬೆಂಗಳೂರಿನಿಂದ ಕಾರಿನಲ್ಲಿ ಧರ್ಮಸ್ಥಳ, ಉಡುಪಿ, ಮುರ್ಡೇಶ್ವರ ನೋಡಿ ಬರಬೇಕು, ಮಕ್ಕಳಿಗೆ ಒಗ್ಗುವ ರೂಮು, ಊಟ ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ಇದೇ ದಾರಿಯಲ್ಲಿ ನಾವು ಮೂರು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ಪಟ್ಟ ಪಾಡಿನಿಂದಲೇ ಶುರು ಮಾಡುತ್ತೇನೆ.

ಕರಾವಳಿಯ ಒಂದು ಊರಿನಲ್ಲಿ ಆನ್‌ಲೈನ್‌ನಲ್ಲಿ ‘ಫ್ಯಾಮಿಲಿ ರೂಮ್’ ಬುಕ್ ಮಾಡಿದ್ದೆ. ಫೋಟೋ ಚೆನ್ನಾಗಿತ್ತು. ರಾತ್ರಿ ಎಂಟಕ್ಕೆ ಹೋಗಿ ನೋಡಿದರೆ ಕೆಳಗೆ ಬಾರ್, ಮೇಲೆ ರೂಮು. ಅದೂ ಮೂರನೇ ಮಹಡಿ, ಲಿಫ್ಟ್ ಇಲ್ಲ. ನಿದ್ದೆ ಹೋಗಿದ್ದ ಮಗನನ್ನು ಹೆಗಲಿಗೆ ಹಾಕಿಕೊಂಡು ನಾನು ಹತ್ತಿದೆ, ಹಿಂದೆ ಎರಡು ಬ್ಯಾಗ್ ಹಿಡಿದು ನನ್ನ ಹೆಂಡತಿ. ಬೆಳಿಗ್ಗೆ ಮಗುವಿಗೆ ಒಂದು ಲೋಟ ಹಾಲು ಬಿಸಿ ಮಾಡಿಕೊಡಿ ಅಂದರೆ, ಕಿಚನ್ ತೆಗೆಯುವುದೇ ಹನ್ನೊಂದಕ್ಕೆ ಎಂದರು. ತಪ್ಪು ನನ್ನದೂ ಇತ್ತು. ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಅನ್ನುವ ಬೋರ್ಡು ನಮ್ಮ ಹೈವೇ ತುಂಬಾ ಕಾಣುತ್ತದೆ ಅಲ್ವಾ? ಅಲ್ಲಿ ‘ಫ್ಯಾಮಿಲಿ’ ಅಂದರೆ ಹಲವು ಕಡೆ ಪರದೆ ಹಾಕಿದ ಒಂದು ಮೂಲೆ, ಅಷ್ಟೇ.

ಆಮೇಲಿಂದ ಆ್ಯಪ್‌ನಲ್ಲಿ ನೋಡುತ್ತೇನೆ, ಆದರೆ ದುಡ್ಡು ಕಟ್ಟುವ ಮೊದಲು ಲಾಡ್ಜಿಗೇ ಫೋನ್ ಮಾಡುತ್ತೇನೆ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದೇ ಮೊದಲ ಪ್ರಶ್ನೆ. ಸೋಲಾರ್ ಇರುವ ಎಷ್ಟೋ ಕಡೆ ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ ಬಿಡುತ್ತಾರೆ. ನಿಮಗೆ ಬೇಕಾಗುವುದು ಸಂಜೆ, ಮೈಯೆಲ್ಲ ಮರಳು ಮೆತ್ತಿಕೊಂಡು ಬೀಚಿನಿಂದ ಬಂದಾಗ. ಕೆಳಗೆ ಬಾರ್ ಇದೆಯಾ, ಲಿಫ್ಟ್ ಇದೆಯಾ, ಮಂಚವನ್ನು ಗೋಡೆಗೆ ಒತ್ತಿ ಹಾಕಬಹುದಾ ಅಂತಲೂ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಆ ಲಾಡ್ಜ್ ಬಿಟ್ಟುಬಿಡಿ. ಫೋಟೋ ನೋಡುವುದಾದರೆ ಅಲ್ಲಿ ಉಳಿದು ಹೋದವರು ಹಾಕಿದ್ದನ್ನು ನೋಡಿ. ಬಾತ್‌ರೂಮಿನ ನಿಜ ಬಣ್ಣ ಅದರಲ್ಲೇ ಗೊತ್ತಾಗುವುದು.

ಇನ್ನೊಂದು ಮಾತು. ದಿನಕ್ಕೊಂದು ಊರಲ್ಲಿ ರೂಮು ಬದಲಾಯಿಸಬೇಡಿ. ಧರ್ಮಸ್ಥಳದಲ್ಲಿ ಒಂದು ರಾತ್ರಿ, ಉಡುಪಿಯಲ್ಲಿ ಮೂರು ರಾತ್ರಿ ಸಾಕು. ಮಲ್ಪೆ ಬೀಚು ಉಡುಪಿಗೆ ಹತ್ತಿರ. ಮುರ್ಡೇಶ್ವರ ಸುಮಾರು ನೂರು ಕಿಲೋಮೀಟರ್, ಬೆಳಿಗ್ಗೆ ಬೇಗ ಹೊರಟರೆ ಹೋಗಿ ಬರಬಹುದು. ಅಲ್ಲಿ 123 ಅಡಿಯ ಶಿವನನ್ನು ನೋಡಿ ಮಕ್ಕಳು ಬಾಯಿ ಬಿಡುತ್ತಾರೆ, ಗೋಪುರಕ್ಕೆ ಲಿಫ್ಟೂ ಇದೆ. ಆದರೆ ಮಧ್ಯಾಹ್ನ ಬರಿಗಾಲಲ್ಲಿ ಕಲ್ಲಿನ ಮೇಲೆ ಕಾಲಿಡೋಕಾಗಲ್ಲ. ಮಕ್ಕಳಿಗೆ ಸಾಕ್ಸ್ ಇಟ್ಟುಕೊಳ್ಳಿ.

ಧರ್ಮಸ್ಥಳದಲ್ಲಿ ದೇವಸ್ಥಾನದವರದ್ದೇ ವಸತಿಗೃಹಗಳಿವೆ. ಆಡಂಬರ ಇಲ್ಲ, ಮಕ್ಕಳಿರುವವರಿಗೆ ಧಾರಾಳ ಸಾಕು. ಅನ್ನಪೂರ್ಣ ಛತ್ರದ ಊಟ ಉಚಿತ. ಅನ್ನ, ಸಾರು ಬಿಸಿಬಿಸಿಯಾಗಿ ಬಡಿಸುತ್ತಾರೆ. ಮನೆಯಲ್ಲಿ ಅನ್ನ ಕಂಡರೆ ಮುಖ ತಿರುಗಿಸುವ ನನ್ನ ಮಗಳು ಅಲ್ಲಿ ಎರಡು ಸಲ ಹಾಕಿಸಿಕೊಂಡಳು! ಸೋಮವಾರ ಮತ್ತು ಕಾರ್ತಿಕದ ಲಕ್ಷದೀಪೋತ್ಸವದ ದಿನಗಳಲ್ಲಿ ಜನ ಜಾಸ್ತಿ. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಕ್ಯೂ ನಿಲ್ಲುವುದು ಬೇಡ, ಆ ದಿನಗಳನ್ನು ತಪ್ಪಿಸಿ.

ಊಟದ ವಿಷಯದಲ್ಲಿ ಒಂದು ಶಬ್ದ ಕಲಿತುಕೊಂಡು ಹೋಗಿ: ಬೆಳ್ತಿಗೆ. ಕರಾವಳಿಯ ಹೋಟೆಲಿನಲ್ಲಿ ಊಟ ಅಂದರೆ ಎಷ್ಟೋ ಕಡೆ ಬರುವುದು ದಪ್ಪ, ಕೆಂಪು ಕುಚ್ಚಲಕ್ಕಿ ಅನ್ನ. ನನಗೆ ಇಷ್ಟ. ಬೆಂಗಳೂರಿನ ಮಕ್ಕಳಿಗೆ ಮೊದಲ ದಿನ ಅದು ಸುಮ್ನೆ ಬಾಯಲ್ಲೇ ತಿರುಗುತ್ತದೆ. ‘ಮಕ್ಕಳಿಗೆ ಬೆಳ್ತಿಗೆ ಕೊಡಿ’ ಅಂದರೆ ಬಿಳಿ ಅನ್ನ ಬರುತ್ತದೆ. ಬೆಳಿಗ್ಗೆಗೆ ನೀರುದೋಸೆ, ಬನ್ಸ್ (ಬೇಕರಿ ಬನ್ ಅಲ್ಲ, ಎಣ್ಣೆಯಲ್ಲಿ ಕರಿದ ದಪ್ಪ ಪೂರಿಯಂಥದ್ದು). ಎರಡರಲ್ಲೂ ಖಾರ ಇಲ್ಲ. ಬನ್ಸಿನಲ್ಲಿ ಬಾಳೆಹಣ್ಣು ಇರುವುದರಿಂದ ಸಿಹಿಯೇ. ಮಾಂಸಾಹಾರಿಗಳಾದರೆ ಮೀನಿನ ಹೋಟೆಲಿಗೂ ಧೈರ್ಯವಾಗಿ ಹೋಗಿ. ಮಕ್ಕಳಿಗೆ ಅಂಜಲ್ ಅಥವಾ ಕಾಣೆ ಮೀನು ಹೇಳಿ, ಮುಳ್ಳು ಕಡಿಮೆ. ಮುಳ್ಳು ಜಾಸ್ತಿ ಇರುವ ಬೂತಾಯಿ ಮೀನು ನೀವು ತಿನ್ನಿ, ಅವರಿಗೆ ಬೇಡ. ‘ಖಾರ ಕಮ್ಮಿ ಮಾಡಿ’ ಅಂದರೆ ಪ್ರಯೋಜನ ಇಲ್ಲ, ಮಸಾಲೆ ಮೊದಲೇ ಹಚ್ಚಿಟ್ಟಿರುತ್ತಾರೆ. ರವಾ ಫ್ರೈ ತಗೊಂಡು ಮೇಲಿನ ಪದರ ಕೆರೆದು ಕೊಡುವುದೇ ಸುಲಭ. ಆ ಪದರ ಅಪ್ಪನಿಗೆ!

ದಾರಿಯಲ್ಲಿ ಹಾಸನದಲ್ಲೇ ಇಡ್ಲಿ ತಿನ್ನಿಸಿ ಮುಗಿಸಿ. ಸಕಲೇಶಪುರದಲ್ಲಿ ಹೊಟ್ಟೆ ತುಂಬಾ ಹಾಲು ಕುಡಿಸಿ ಶಿರಾಡಿ ಘಾಟಿ ಇಳಿಸಿದರೆ ಏನಾಗುತ್ತದೆ ಅಂತ ನಮ್ಮ ಕಾರಿನ ಸೀಟ್ ಕವರಿಗೆ ಗೊತ್ತು. ಕೈಗೆ ಸಿಗುವ ಹಾಗೆ ಎರಡು ಪ್ಲಾಸ್ಟಿಕ್ ಕವರ್, ಒಂದು ಜೊತೆ ಬಟ್ಟೆ, ನಿಂಬೆಹಣ್ಣು ಇರಲಿ. ಡಿಕ್ಕಿಯಲ್ಲಿಟ್ಟರೆ ಉಪಯೋಗಕ್ಕಿಲ್ಲ. ಮಳೆಗಾಲವಾದರೆ ಘಾಟಿ ತೆರೆದಿದೆಯಾ ಅಂತ ಹೊರಡುವ ದಿನ ವಿಚಾರಿಸಿ, ಗುಡ್ಡ ಕುಸಿದು ಬಂದ್ ಆಗುವುದುಂಟು.

ಮಗನಿಗೆ ಇನ್ನೂ ರಾಗಿ ಸರಿ ಕೊಡುತ್ತಿದ್ದರೆ ಹುಡಿ ಮತ್ತು ಒಂದು ಸಣ್ಣ ಕೆಟಲ್ ಒಯ್ಯಿರಿ. ಹನ್ನೊಂದಕ್ಕೆ ತೆಗೆಯುವ ಕಿಚನ್ ನಂಬಿ ಕೂರುವುದು ತಪ್ಪುತ್ತದೆ.

ವಾಪಸ್ ಬರುವಾಗ ಉಡುಪಿಯಲ್ಲಿ ಒಂದು ಹತ್ತು ಬನ್ಸ್ ಕಟ್ಟಿಸಿಕೊಳ್ಳಿ. ಮಾರನೇ ದಿನಕ್ಕೂ ಕೆಡುವುದಿಲ್ಲವಂತೆ. ನಮ್ಮ ಕಾರಿನಲ್ಲಿ ಅವು ಹಾಸನ ದಾಟಿದ್ದು ಇಲ್ಲ.